ಪಾಲಕಸಂತರೂ ನಿತ್ಯಜೀವನದ ಬೇಡಿಕೆಗಳೂ

ರೋಮನ್ ಕಥೋಲಿಕ ಸಮಾಜದ ನಿತ್ಯಜೀವನವನ್ನು ಹೊರಗಿನಿಂದ ನೋಡುವವರ ಕಣ್ಣಿಗೆ ಮೊದಲು ಬೀಳುವ ಸಂಗತಿಗಳಲ್ಲಿ, ಸಣ್ಣಪುಟ್ಟ ಕಷ್ಟಗಳಿಗೂ ಸಂತರ ಮೊರೆಹೋಗುವ ವಾಡಿಕೆಯು ಒಂದು. ಬೀಗದ ಕೈ ಕಳೆದುಹೋದರೆ ಪಾದುವದ ಸಂತ ಅಂತೋಣಿಯನ್ನೂ, ಹಲ್ಲು ನೋಯುತ್ತಿದ್ದರೆ ಸಂತ ಅಪೊಲೋನಿಯಳನ್ನೂ, ಗಂಟಲಿನ ಬೇನೆಗೆ ಸಂತ ಬ್ಲೇಸನನ್ನೂ, ಸಿಡಿಲಿನ ಭಯಕ್ಕೆ ಸಂತ ಬಾರ್ಬರಳನ್ನೂ ಸ್ಮರಿಸುವುದು ಅಲ್ಲಿ ತಲೆತಲಾಂತರದಿಂದ ನಡೆದುಬಂದಿರುವ ರೂಢಿ. ಜಗತ್ಕರ್ತನಾದ ಒಬ್ಬನೇ ದೇವರನ್ನು ಸಾರುವ ಮತದಲ್ಲಿ ಇಷ್ಟು ಕಿರಿದಾದ ಬೇಡಿಕೆಗಳಿಗೆ ಎಡೆ ಹೇಗೆ ದೊರೆಯಿತು? ಇಂಥ ಕಷ್ಟಕ್ಕೆ ಇಂಥ ಸಂತನೇ ಎಂದು ಗೊತ್ತುಮಾಡಿದವರಾರು? ಇವು ಮತಶಾಸ್ತ್ರಕ್ಕೆ ಎಷ್ಟು ಸಂಬಂಧಪಟ್ಟ ಪ್ರಶ್ನೆಗಳೋ, ಭಾಷೆ ಸಾಹಿತ್ಯಗಳ ವ್ಯಾಸಂಗಕ್ಕೂ ಅಷ್ಟೇ ಸಂಬಂಧಪಟ್ಟವು. ಸಾಮಾನ್ಯವಾಗಿ ಇವಕ್ಕೆ ಕೊಡುವ ಉತ್ತರವು ಹೀಗಿದೆ: ಆದಿಯಲ್ಲಿ ಉದಾತ್ತವಾಗಿದ್ದ ಸಂತಸ್ಮರಣೆಯು ಮಧ್ಯಯುಗದ ಅಜ್ಞಾನದಲ್ಲಿ ಕೆಳಗಿಳಿದು, ಕೊಟ್ಟುಕೊಳ್ಳುವ ವ್ಯವಹಾರವಾಯಿತು. ಉತ್ತರವು ಸುಲಭವಾಗಿದೆ; ಆದರೆ ದೊರೆತಿರುವ ಆಧಾರಗಳು ಇದನ್ನು ಎತ್ತಿಹಿಡಿಯುವುದಿಲ್ಲ. ಬೇಡಿಕೆಯ ಕಿರಿತನವೂ, ಅದನ್ನು ಕಂಡು ನಗುವವರ ನಗೆಯೂ, ಎರಡೂ ಆದಿಯಿಂದಲೇ ಇವೆ.

ಸಂತ ಅಗಸ್ಟೀನನು ತನ್ನ 'ದೇವನಗರ'ವೆಂಬ ಮಹಾಗ್ರಂಥವನ್ನು ಕ್ರಿ. ಶ. ೪೧೩ರಿಂದ ೪೨೬ರವರೆಗಿನ ಅವಧಿಯಲ್ಲಿ ರಚಿಸಿದನು. ಅದರ ಕೊನೆಯದಾದ ೨೨ನೆಯ ಭಾಗದಲ್ಲಿ, ತನ್ನ ಕಾಲದಲ್ಲಿಯೇ ನಡೆದುವೆಂದು ಅವನು ನಂಬಿದ್ದ ಅದ್ಭುತಗಳ ದೀರ್ಘವಾದ ಪಟ್ಟಿಯೊಂದುಂಟು. ಕುರುಡರು ಕಣ್ಣು ಪಡೆದುದು, ಸಾಯುತ್ತಿದ್ದವರು ಎದ್ದುಕುಳಿತುದು ಇಂಥ ವೃತ್ತಾಂತಗಳ ನಡುವೆ, ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದಲ್ಲಿದ್ದ ಫ್ಲೊರೆನ್ಷಿಯಸ್ ಎಂಬ ಬಡ ದರ್ಜಿಯ ಕಥೆಯು ಬರುತ್ತದೆ. ಈ ಮುದುಕನು ತನ್ನ ಮೇಲಂಗಿಯನ್ನು ಕಳೆದುಕೊಂಡನು. ಬೇರೊಂದನ್ನು ಕೊಳ್ಳಲು ಅವನಲ್ಲಿ ಹಣವಿರಲಿಲ್ಲ. ಆ ಊರಿನಲ್ಲಿ ಪ್ರಸಿದ್ಧವಾಗಿದ್ದ ಇಪ್ಪತ್ತು ಹುತಾತ್ಮರ ಸಮಾಧಿಮಂದಿರಕ್ಕೆ ಹೋಗಿ, ತನಗೆ ಉಡುಗೆಯಾಗಬೇಕೆಂದು ಗಟ್ಟಿಯಾಗಿ ಪ್ರಾರ್ಥಿಸಿದನು. ಅಲ್ಲಿದ್ದ ಕೆಲವರು ಪೋಕರಿ ಹುಡುಗರು ಇದನ್ನು ಕೇಳಿ, ಬಟ್ಟೆ ಕೊಳ್ಳಲು ಹುತಾತ್ಮರಿಂದ ಐವತ್ತು ಕಾಸು ಬೇಡುತ್ತಿದ್ದಾನೆಂದು ಹಾಸ್ಯಮಾಡುತ್ತ ಬೆನ್ನುಹತ್ತಿದರು. ಮುದುಕನು ಮಾತಾಡದೆ ಸಮುದ್ರದ ದಂಡೆಯ ಕಡೆ ನಡೆದನು. ಅಲ್ಲಿ ದಡಕ್ಕೆ ಬಿದ್ದು ಒದ್ದಾಡುತ್ತಿದ್ದ ದೊಡ್ಡ ಮೀನೊಂದು ಕಂಡಿತು. ನಗುತ್ತಿದ್ದ ಹುಡುಗರ ನೆರವಿನಿಂದಲೇ ಅದನ್ನು ಹಿಡಿದು ಒಬ್ಬ ಅಡುಗೆಯವನಿಗೆ ಮುನ್ನೂರು ಕಾಸಿಗೆ ಮಾರಿದನು. ಆ ಹಣದಿಂದ ಉಣ್ಣೆ ಕೊಂಡು, ಹೆಂಡತಿಯು ತನ್ನ ಕೈಲಾದಂತೆ ಬಟ್ಟೆ ಮಾಡಿಕೊಡಲಿ ಎಂಬುದು ಅವನ ಎಣಿಕೆ. ಅಷ್ಟರಲ್ಲಿ ಅಡುಗೆಯವನು ಮೀನನ್ನು ಸೀಳಲು ಅದರ ಹೊಟ್ಟೆಯಲ್ಲಿ ಚಿನ್ನದ ಉಂಗುರ ಸಿಕ್ಕಿತು. ಅವನು ಕನಿಕರದಿಂದಲೂ ದೈವಭೀತಿಯಿಂದಲೂ ಅದನ್ನು ತಂದು ಮುದುಕನ ಕೈಗಿಟ್ಟು, ಹುತಾತ್ಮರು ನಿನಗೆ ಉಡಿಸಿದ ಬಗೆಯನ್ನು ನೋಡು ಎಂದನು.

ಮೀನಿನ ಹೊಟ್ಟೆಯ ಉಂಗುರವು ಕಾಳಿದಾಸನನ್ನು ಓದಿದವರಿಗೆ ಪರಿಚಿತವಾದುದೇ. ಹಿರೋಡೊಟಸನು ಹೇಳುವ ಪಾಲಿಕ್ರಟೀಸನ ಕಥೆಯಲ್ಲಿಯೂ ಅದು ಉಂಟು. ಆದರೆ ಆ ಎರಡು ಕಡೆಗಳಲ್ಲಿ ಉಂಗುರವು ಅರಸರದು. ಅದು ತಿರುಗಿ ಬರುವುದರಿಂದ ಅರಸರ ಭಾಗ್ಯವೋ ದುರ್ಭಾಗ್ಯವೋ ನಿರ್ಣಯವಾಗುತ್ತದೆ. ಹಿಪ್ಪೋ ಪಟ್ಟಣದ ಕಥೆಯಲ್ಲಿ ಉಂಗುರವು ಯಾರದೆಂದು ಕೇಳುವವರೇ ಇಲ್ಲ. ಐವತ್ತು ಕಾಸು, ಮುನ್ನೂರು ಕಾಸು, ಉಣ್ಣೆ, ಹೆಂಡತಿಯ ಅರೆಬರೆ ನೆಯ್ಗೆ ಇವುಗಳ ಲೆಕ್ಕವೇ ಅಲ್ಲಿ ಮುಖ್ಯ. ಕ್ರೈಸ್ತ ಪಶ್ಚಿಮದ ಅತ್ಯಂತ ದೊಡ್ಡ ತಾತ್ತ್ವಿಕನು, ತನ್ನ ಅತ್ಯಂತ ದೊಡ್ಡ ಗ್ರಂಥದಲ್ಲಿ, ಒಂದು ಮೇಲಂಗಿಗಾಗಿ ಮಾಡಿದ ಪ್ರಾರ್ಥನೆಯನ್ನು ನಾಚಿಕೆಯಿಲ್ಲದೆ ದಾಖಲೆಮಾಡಿದ್ದಾನೆಂಬುದು ಗಮನಿಸತಕ್ಕ ವಿಷಯ. ಎಚ್ಚರಿಕೆಯ ಮಾತನ್ನು ಅವನು ಮರೆತವನೂ ಅಲ್ಲ. ಹುತಾತ್ಮರಿಗೆ ಕಟ್ಟಿದುವು ದೇವತೆಗಳ ಗುಡಿಗಳಲ್ಲ, ಮಡಿದ ಮನುಷ್ಯರ ಸ್ಮಾರಕಗಳು. ಬಲಿಪೂಜೆಯು ಅವರ ಸಮಾಧಿಯ ಬಳಿ ನಡೆದರೂ ಸಲ್ಲುವುದು ದೇವರಿಗೇ, ಎಂದು ಅದೇ ಭಾಗದಲ್ಲಿ, ದರ್ಜಿಯ ಕಥೆಗೆ ಸಮೀಪದಲ್ಲಿಯೇ, ಅವನು ಸ್ಪಷ್ಟಪಡಿಸಿರುವನು.

ಈ ಭಾವನೆಗೆ ಹೆಸರು ಕೊಟ್ಟುದು ರೋಮನರ ಸಮಾಜವ್ಯವಸ್ಥೆ. ಪಾಲಕನೆಂಬ ಅರ್ಥದ 'ಪಾತ್ರೋನುಸ್' ಎಂಬ ಲ್ಯಾಟಿನ್ ಶಬ್ದವು ಮೊದಲು ಮತೀಯವಾದುದಲ್ಲ. ನ್ಯಾಯಸ್ಥಾನದಲ್ಲಿಯೂ ಅಧಿಕಾರಿಗಳ ಮುಂದೆಯೂ ತನ್ನ ಆಶ್ರಿತರ ಪರವಾಗಿ ನಿಂತು ಮಾತಾಡುವ ದೊಡ್ಡ ಮನುಷ್ಯನಿಗೆ ಸಲ್ಲುತ್ತಿದ್ದ ಮಾತು. ನಾಲ್ಕನೆಯ ಶತಮಾನದ ಕೊನೆಯಲ್ಲಿ ನೋಲಾ ಪಟ್ಟಣದ ಪೌಲಿನಸನು ಸಂತ ಫೆಲಿಕ್ಸನನ್ನು ಇದೇ ಸಂಬಂಧದಲ್ಲಿ ಕಂಡನು. ಕ್ರಿ. ಶ. ೩೮೬ರಲ್ಲಿ ಮಿಲಾನಿನ ಅಂಬ್ರೋಸನು ಗೆರ್ವಾಸಿಯಸ್, ಪ್ರೊತಾಸಿಯಸ್ ಎಂಬ ಹುತಾತ್ಮರ ಅಸ್ಥಿಗಳನ್ನು ಅಗೆದು ತೆಗೆಸಿ ತನ್ನ ದೇವಾಲಯದಲ್ಲಿ ಇರಿಸಿದಾಗ, ರಾಜಾಸ್ಥಾನದ ವಿರೋಧವನ್ನು ಎದುರಿಸುತ್ತಿದ್ದ ತನ್ನ ಸಭೆಗೆ ಇವರೇ ರಕ್ಷಕರೆಂದು ತಿಳಿದನು. ಪೀಟರ್ ಬ್ರೌನ್ ಎಂಬ ಇತಿಹಾಸಕಾರರು ೧೯೮೧ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಸಂತಾರಾಧನೆಯನ್ನು ಪಾಮರರ ಮೂಢನಂಬಿಕೆಯು ಮೇಲಕ್ಕೆ ಹರಿದುದೆಂದು ವಿವರಿಸುವ ಹಳೆಯ ವಾದವನ್ನು ಖಂಡಿಸಿ, ಅಂಬ್ರೋಸ, ಪೌಲಿನಸರಂಥ ವಿದ್ಯಾವಂತರಾದ ಮುಖಂಡರೇ ಅದಕ್ಕೆ ರೂಪಕೊಟ್ಟರೆಂದು ತೋರಿಸಿರುವರು. ಪಾಮರರ ವಾಡಿಕೆಯನ್ನು ಮುಖಂಡರು ಅಲ್ಲಲ್ಲಿ ತಡೆದದ್ದೂ ಉಂಟು. ಅಗಸ್ಟೀನನ ತಾಯಿಯಾದ ಮೋನಿಕಳು ಆಫ್ರಿಕದ ಪದ್ಧತಿಯಂತೆ ಗಂಜಿ, ರೊಟ್ಟಿ, ದ್ರಾಕ್ಷಾರಸಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಮಿಲಾನಿನ ಹುತಾತ್ಮರ ಸಮಾಧಿಗೆ ಹೋದಾಗ, ದ್ವಾರಪಾಲಕನು ಅವಳನ್ನು ತಡೆದನು. ಅಂಬ್ರೋಸನ ಅಪ್ಪಣೆಯೆಂದು ತಿಳಿದೊಡನೆ ಅವಳು ಬುಟ್ಟಿಯನ್ನು ಬಿಟ್ಟಳು. ಪಿತೃಗಳಿಗೆ ಎಡೆಯಿಡುವ ಹಳೆಯ ರೋಮನ್ ಆಚರಣೆಯನ್ನು ಅದು ಹೋಲುತ್ತಿತ್ತೆಂಬುದೇ ತಡೆಗೆ ಕಾರಣ. ಬುಟ್ಟಿ ಹೋಯಿತು, ಬೇಡಿಕೆ ಉಳಿಯಿತು.

ಪಾಲಕನು ಕೊಡುವವನಲ್ಲ, ಹೇಳಿ ಕೊಡಿಸುವವನು. ಕಥೋಲಿಕ ಸಿದ್ಧಾಂತದ ತಿರುಳೆಲ್ಲ ಈ ಒಂದು ಭೇದದಲ್ಲಿದೆ. ಮತ್ತು ಆ ಭೇದವನ್ನು ಕಾಪಾಡುತ್ತಿರುವುದು ವ್ಯಾಕರಣ. ಸಂತರ ನಾಮಾವಳಿಯಂತಿರುವ ಮನವಿಮಾಲೆಯನ್ನು ದೇವಾಲಯದಲ್ಲಿ ಪಠಿಸುವಾಗ, ತ್ರಯೇಕದೇವರ ಹೆಸರುಗಳಿಗೆ ಸಭೆಯು ಕೊಡುವ ಪಲ್ಲವಿಯಲ್ಲಿ 'ಕನಿಕರಿಸು' ಎಂಬ ಅರ್ಥದ ಕ್ರಿಯಾಪದವಿದೆ. ಮರಿಯಮ್ಮನಿಂದ ಮೊದಲ್ಗೊಂಡು ಉಳಿದೆಲ್ಲ ಹೆಸರುಗಳಿಗೆ 'ಪ್ರಾರ್ಥಿಸು' ಎಂಬ ಅರ್ಥದ ಕ್ರಿಯಾಪದವಿದೆ. ಮೊದಲನೆಯದರಲ್ಲಿ 'ನಮಗೆ', ಎರಡನೆಯದರಲ್ಲಿ 'ನಮಗಾಗಿ'. ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸನು, ದೇವರೊಬ್ಬನನ್ನೇ ಪ್ರಾರ್ಥಿಸಬೇಕೆ ಎಂಬ ಪ್ರಶ್ನೆಯನ್ನು ವಿಚಾರಿಸುತ್ತ, ಈ ಎರಡು ಪಲ್ಲವಿಗಳನ್ನೇ ಪ್ರಮಾಣವಾಗಿ ಎತ್ತಿಕೊಂಡನು: ಪ್ರಾರ್ಥನೆಯು ಒಬ್ಬನಿಂದ ನೆರವೇರಬೇಕೆಂದು ಆಗಬಹುದು, ಒಬ್ಬನ ಮೂಲಕ ದೊರೆಯಬೇಕೆಂದೂ ಆಗಬಹುದು, ಮೊದಲ ಬಗೆಯದು ದೇವರಿಗೆ ಮಾತ್ರ, ಎರಡನೆಯ ಬಗೆಯದು ಸಂತರಿಗೆ. ದೇವರಿಗೆ ಸಲ್ಲುವ ಆರಾಧನೆಗೂ ಸಂತರಿಗೆ ಸಲ್ಲುವ ಗೌರವಕ್ಕೂ ಬೇರೆಬೇರೆ ಗ್ರೀಕ್ ಹೆಸರುಗಳನ್ನಿಟ್ಟು—ಮೊದಲನೆಯದು 'ಲಾತ್ರಿಯ', ಎರಡನೆಯದು 'ದೂಲಿಯ'—ಪಂಡಿತರು ವಿಸ್ತಾರವಾಗಿ ಬರೆದಿರುವರು. ಕನ್ನಡ ವ್ಯಾಕರಣವನ್ನು ಬಲ್ಲವರಿಗೆ ಇಷ್ಟು ಪರಿಭಾಷೆಯ ಅವಶ್ಯಕತೆ ತೋರದು. 'ಕೊಡು' ಎಂಬ ಧಾತುವಿಗೆ 'ಇಸು' ಪ್ರತ್ಯಯ ಹತ್ತಿ 'ಕೊಡಿಸು' ಎಂದಾದಾಗ ಕರ್ತೃವು ಇಬ್ಬರಾಗುವರು. ದೇವರನ್ನು 'ಕೊಡು' ಎಂದೂ ಸಂತನನ್ನು 'ಕೊಡಿಸು' ಎಂದೂ ಕೇಳುವುದೆಂದರೆ ಅಕ್ವಿನಾಸನ ವಾದವು ಪೂರ್ತಿಯಾಗಿ ಹೇಳಿದಂತಾಯಿತು.

ಇನ್ನು ಸಂತರ ಅಧಿಕಾರವಿಭಾಗದ ವಿಚಾರ. ಇದನ್ನು ಯಾವ ಧರ್ಮಸಭೆಯೂ ಕುಳಿತು ಹಂಚಲಿಲ್ಲ. ಬಹುಪಾಲು ಕಥೆಯಿಂದ ಹುಟ್ಟಿದೆ, ಸ್ವಲ್ಪಭಾಗ ಬರಿಯ ಮಾತಿನಿಂದ ಹುಟ್ಟಿದೆ. ಕ್ರಿ. ಶ. ೨೪೯ರ ಸುಮಾರಿಗೆ ಅಲೆಕ್ಸಾಂಡ್ರಿಯದಲ್ಲಿ ನಡೆದ ದೊಂಬಿಯಲ್ಲಿ ಅಪೊಲೋನಿಯಳೆಂಬ ವೃದ್ಧ ಕನ್ಯೆಯ ದವಡೆಗೆ ಹೊಡೆದು ಹಲ್ಲುಗಳನ್ನು ಉದುರಿಸಿದರೆಂದು ಆ ಕಾಲದ ಬಿಷಪ್ಪನೇ ಬರೆದ ಕಾಗದದಿಂದ ತಿಳಿಯುತ್ತದೆ. ಹಲ್ಲುನೋವಿನವರಿಗೆ ಇಷ್ಟು ಸಾಕಾಯಿತು. ಮುಂದಿನ ಚಿತ್ರಕಾರರು ಮುದುಕಿಯನ್ನು ತರುಣಿಯನ್ನಾಗಿ ಮಾಡಿ ಕೈಗೆ ಹಲ್ಲುಕೀಳುವ ಇಕ್ಕಳವನ್ನು ಕೊಟ್ಟರು. ಕಬ್ಬಿಣದ ಕಾವಲಿಯಂಥ ಚೌಕಟ್ಟಿನ ಮೇಲೆ ಸುಡಲ್ಪಟ್ಟನೆಂಬ ಪ್ರತೀತಿಯಿಂದ ರೋಮಿನ ಲಾರೆನ್ಸನು ಅಡುಗೆಯವರ ಪಾಲಕನಾದನು. ಯಾತನೆಯ ಸಾಧನವೇ ಕಸಬಿನ ಸಾಧನವಾಗುವ ಈ ಬಗೆಯಲ್ಲಿ ಒಂದು ವಿಲಕ್ಷಣವಾದ ಹಾಸ್ಯವೂ ಇದೆಯೆಂದು ಹೇಳದೆ ವಿಧಿಯಿಲ್ಲ. ಮಗಳಾದ ಬಾರ್ಬರಳ ತಲೆಯನ್ನು ಕಡಿದ ತಂದೆಯು ಆ ಕ್ಷಣದಲ್ಲಿಯೇ ಸಿಡಿಲೆರಗಿ ಸತ್ತನೆಂಬುದು ಕಥೆ. ಅದರಿಂದ ಸಿಡಿಲಿನ ಭಯವುಳ್ಳವರೂ, ಮದ್ದು ಸಿಡಿಸುವ ಫಿರಂಗಿಯವರೂ, ಗಣಿಯ ಕೆಲಸದವರೂ ಅವಳ ಆಶ್ರಿತರಾದರು. ಸ್ಪ್ಯಾನಿಷ್ ಭಾಷೆಯಲ್ಲಿ 'ಸಾಂತಬಾರ್ಬರ' ಎಂದರೆ ಹಡಗಿನ ಮದ್ದಿನ ಕೋಣೆ. ಫ್ರೆಂಚ್ ನಾವಿಕರೂ ಅದೇ ಹೆಸರನ್ನು ಬಳಸಿದರು. ಪ್ರಾರ್ಥನೆಯು ಹೀಗೆ ಸಾಮಾನ್ಯನಾಮವಾಗಿ ನಿಘಂಟಿಗಿಳಿದುದಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆ ಸಿಗಲಾರದು. ಸೆಬಾಸ್ಟಿಯನ್ನನ ವಿಷಯದಲ್ಲಿ ಇನ್ನೂ ಹಳೆಯ ಸ್ಮರಣೆಯೊಂದು ಕೆಲಸಮಾಡಿರಬಹುದು. ಇಲಿಯಡ್ ಕಾವ್ಯದಲ್ಲಿ ಅಪೋಲೊ ದೇವತೆಯ ಬಾಣಗಳೇ ಪಿಡುಗು; ಬಾಣಗಳಿಂದ ಸಾಯದೆ ಉಳಿದ ಸೆಬಾಸ್ಟಿಯನ್ನನು ಪಿಡುಗನ್ನು ತಡೆಯಬಲ್ಲವನೆಂಬ ನಂಬುಗೆ ಕ್ರಿ. ಶ. ೬೮೦ರಲ್ಲಿ ಪಾವಿಯದ ಸೋಂಕಿನ ಕಾಲದಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತದೆ.

ಮಾತಿನಿಂದ ಹುಟ್ಟಿದ ಅಧಿಕಾರವು ಶಬ್ದಶಾಸ್ತ್ರಜ್ಞರಿಗೆ ಇನ್ನೂ ಸ್ವಾರಸ್ಯವಾದುದು. ಫ್ರೆಂಚ್ ಭಾಷೆಯಲ್ಲಿ 'ಕ್ಲೇರ್' ಎಂದರೆ ತಿಳಿಯಾದುದು. ಆದಕಾರಣ ಸಂತ ಕ್ಲೇರನು ಕಣ್ಣಿನ ಬೇನೆಗೆ ಒಡೆಯ. 'ಉಯೀ' ಎಂದರೆ ಕೇಳುವ ಶಕ್ತಿ. ಸಂತ ಉವಾನನು ಕಿವುಡರಿಗೆ. 'ಕ್ಲೂ' ಎಂದರೆ ಮೊಳೆ, ಕುರು ಎಂಬ ಎರಡರ್ಥ. ಸಂತ ಕ್ಲೂ ಕುರುಗಳಿಗೆ. 'ವ್ಯಾಂ' ಎಂದರೆ ದ್ರಾಕ್ಷಾರಸ. ಸಂತ ವಿನ್ಸೆಂಟನು ದ್ರಾಕ್ಷಿಯ ಬೆಳೆಗಾರರಿಗೆ. ೧೫೬೬ರಲ್ಲಿ ಆನ್ರಿ ಎಸ್ತಿಯೆನ್ ಎಂಬ ಪಂಡಿತನು ಇಂಥ ಶ್ಲೇಷೆಗಳನ್ನು ಕೂಡಿಸಿ ಕಥೋಲಿಕರನ್ನು ಗೇಲಿಮಾಡಿದನು. ಆದರೆ ಶ್ಲೇಷೆಯನ್ನು ಅಲಂಕಾರವೆಂದು ಗೌರವಿಸುವ ನಾಡಿನವರು ಇದನ್ನು ಅಷ್ಟು ಹಗುರವಾಗಿ ತಳ್ಳಿಬಿಡಲಾರರು. ಹೆಸರಿಗೂ ವಸ್ತುವಿಗೂ ನಂಟುಂಟೆಂಬ ಭಾವನೆ ಅಪಭ್ರಂಶವಲ್ಲ, ಕಾವ್ಯದ ಬೇರುಗಳಲ್ಲಿ ಒಂದು. ಶೀಘ್ರವೆಂಬ ಅರ್ಥ ಹೊಳೆಯುವ ಹೆಸರಿನ ಎಕ್ಸ್‌ಪೆಡಿಟಸನು ತಡವಾಗಬಾರದ ಕೆಲಸಗಳಿಗೆ ಪಾಲಕ. ಚಿತ್ರದಲ್ಲಿ ಅವನು 'ನಾಳೆ' ಎಂದು ಕೂಗುವ ಕಾಗೆಯನ್ನು ಕಾಲಿನಿಂದ ತುಳಿದಿರುತ್ತಾನೆ. 'ಶೀಘ್ರ ರವಾನೆ' ಎಂದು ಬರೆದಿದ್ದ ಅಸ್ಥಿಗಳ ಪೆಟ್ಟಿಗೆಯೊಂದನ್ನು ನೋಡಿ ಪ್ಯಾರಿಸಿನ ಸಂನ್ಯಾಸಿನಿಯರು ಅದನ್ನೇ ಸಂತನ ಹೆಸರೆಂದು ಭ್ರಮಿಸಿದರೆಂಬ ಕಥೆ ಬಹುವಾಗಿ ಪ್ರಚಾರದಲ್ಲಿದೆ. ಕಥೆ ಚೆನ್ನಾಗಿದೆ, ನಿಜವಲ್ಲ. ಹದಿನೆಂಟನೆಯ ಶತಮಾನದಲ್ಲಿಯೇ ಸಿಸಿಲಿಯಲ್ಲಿ ಆ ಹೆಸರಿನ ಸಂತನ ಪೂಜ್ಯತೆ ನೆಲೆಗೊಂಡಿತ್ತು.

ರೋಮಿನ ಅಧಿಕಾರಪೀಠವು ಈ ವಿಭಾಗಕ್ಕೆ ಕೈಹಾಕಿದುದು ತಡವಾಗಿ. ಸ್ಪೇನ್ ದೇಶಕ್ಕೆ ಸಂತ ಯಾಕೋಬನೊಬ್ಬನೇ ಪಾಲಕನಾಗಿರಬೇಕೆ, ಹೊಸದಾಗಿ ಸಂತಪದವಿ ಪಡೆದ ಆವಿಲದ ತೆರೇಸಳನ್ನೂ ಸೇರಿಸಬೇಕೆ ಎಂದು ಎದ್ದ ಜಗಳದಲ್ಲಿ ಕವಿ ಕೆವೇದೋ ೧೬೨೮ರಲ್ಲಿ ಯಾಕೋಬನ ಪಕ್ಷವಹಿಸಿ ಲೇಖನಿಯೆತ್ತಿದನು. ಪಾಲಕರನ್ನು ಗೊತ್ತುಮಾಡುವ ಕ್ರಮವನ್ನು ಎಂಟನೆಯ ಅರ್ಬನ್ ಪೋಪನು ೧೬೩೦ರಲ್ಲಿ ಶಾಸನಬದ್ಧಗೊಳಿಸಿದನು: ಊರಿನ ಜನರೂ ಗುರುಗಳೂ ಆರಿಸಬೇಕು, ರೋಮು ಒಪ್ಪಬೇಕು. ಅಲ್ಲಿಂದೀಚೆಗೆ ಶಾಸನದಿಂದ ನೇಮಕವಾದ ಪಾಲಕರೂ ಉಂಟು. ೧೯೫೮ರಲ್ಲಿ ದೂರದರ್ಶನಕ್ಕೆ ಅಸಿಸಿಯ ಕ್ಲಾರಳನ್ನು ನೇಮಿಸಿದುದು ಅವುಗಳಲ್ಲಿ ಮನೋಹರವಾದುದು. ಕಾಯಿಲೆ ಮಲಗಿದ್ದ ಅವಳಿಗೆ ಕ್ರಿಸ್ತಜಯಂತಿಯ ರಾತ್ರಿ ದೂರದ ದೇವಾಲಯದ ಪೂಜೆಯು ತನ್ನ ಕೋಣೆಯಲ್ಲಿಯೇ ಕಂಡು ಕೇಳಿಸಿತೆಂಬ ಕಥೆಯೇ ಅದಕ್ಕೆ ಆಧಾರ. ಶಾಸನಕ್ಕೂ ಆಧಾರ ಬೇಕಾದಾಗ ಕಥೆಯ ಬಳಿಗೇ ಹೋಗಬೇಕಾಯಿತು.

ಕಳೆದ ವಸ್ತುಗಳ ಪಾಲಕನಾದ ಅಂತೋಣಿಯ ವಿಷಯವು ಪ್ರತ್ಯೇಕವಾಗಿ ವಿಚಾರಿಸತಕ್ಕದ್ದು. ಅವನು ೧೧೯೫ರ ಸುಮಾರಿಗೆ ಲಿಸ್ಬನ್ನಿನಲ್ಲಿ ಹುಟ್ಟಿ, ಫ್ರಾನ್ಸಿಸ್ಕನ್ ಸಂಘವನ್ನು ಸೇರಿ, ಇಟಲಿಯಲ್ಲಿ ಮಹಾ ಉಪದೇಶಕನೆಂದು ಹೆಸರಾಗಿ, ೧೨೩೧ರ ಜೂನ್ ೧೩ರಂದು ಪಾದುವದ ಬಳಿ ತೀರಿಕೊಂಡನು. ಒಂದು ವರ್ಷ ತುಂಬುವುದರೊಳಗಾಗಿ, ೧೨೩೨ರ ಮೇ ೩೦ರಂದು, ಅವನನ್ನು ಸಂತನೆಂದು ಸಾರಿದರು. ೧೨೬೩ರಲ್ಲಿ ಸಮಾಧಿಯನ್ನು ತೆರೆದಾಗ ನಾಲಗೆ ಮಾತ್ರ ಕೆಡದೆ ಉಳಿದಿತ್ತೆಂದು ಹೇಳುವರು. ಅದನ್ನು ಇಂದಿಗೂ ಪಾದುವದಲ್ಲಿ ತೋರಿಸುವರು. ವಿದ್ವತ್ತಿಗಾಗಿ ಅವನನ್ನು ೧೯೪೬ರಲ್ಲಿ ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಿದರು. ಇಷ್ಟಾದರೂ ಲೋಕವು ಅವನನ್ನು ಬಲ್ಲುದು ಉಪದೇಶಕನೆಂದಲ್ಲ, ಪಂಡಿತನೆಂದಲ್ಲ. ಸೂಜಿ, ಕನ್ನಡಕ, ಬೀಗದ ಕೈಗಳನ್ನು ಹುಡುಕಿಕೊಡುವವನೆಂದು. ಇದರ ಮೂಲವನ್ನು ಒಂದು ಪುಸ್ತಕದಲ್ಲಿ ಕಾಣುವುದು ರೂಢಿ. ಅವನು ಟಿಪ್ಪಣಿಗಳನ್ನು ಬರೆದಿಟ್ಟುಕೊಂಡಿದ್ದ ಕೀರ್ತನಸಂಹಿತೆಯನ್ನು ಮಠ ಬಿಟ್ಟು ಓಡಿಹೋಗುತ್ತಿದ್ದ ಹೊಸ ಶಿಷ್ಯನೊಬ್ಬನು ಎತ್ತಿಕೊಂಡು ಹೋದನೆಂದೂ, ಅಂತೋಣಿಯು ಪ್ರಾರ್ಥಿಸಲು ಶಿಷ್ಯನು ಹೆದರಿ ಪುಸ್ತಕದೊಡನೆ ಹಿಂದಿರುಗಿದನೆಂದೂ ಐತಿಹ್ಯವಿದೆ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಒಂದು ಕೈಬರಹದ ಪುಸ್ತಕದ ಬೆಲೆಯೇನೆಂಬುದನ್ನು ಓಲೆಗರಿಗಳ ನಾಡಿನ ವಿದ್ವಾಂಸರಿಗೆ ವಿವರಿಸಬೇಕಾಗಿಲ್ಲ. ಸ್ಪೆಯರಿನ ಜೂಲಿಯನ್ ಎಂಬ ಅದೇ ಸಂಘದ ಸಂಗೀತಜ್ಞನು ಹದಿಮೂರನೆಯ ಶತಮಾನದಲ್ಲಿ ರಚಿಸಿದ ಲ್ಯಾಟಿನ್ ಸ್ತೋತ್ರವೊಂದು, ಅಂತೋಣಿಯ ಮೂಲಕ ದೊರೆಯುವ ವರಗಳಲ್ಲಿ ಕಳೆದ ವಸ್ತುಗಳನ್ನೂ ಎಣಿಸಿತು. ಸ್ತೋತ್ರವನ್ನು ಎಲ್ಲೆಡೆ ಹಾಡಿದರು. ಅದರಲ್ಲಿದ್ದ ಆ ಒಂದು ಮಾತು ಉಳಿದ ಮಾತುಗಳನ್ನೆಲ್ಲ ಮೀರಿ ಬೆಳೆಯಿತು. ಒಬ್ಬ ಪಂಡಿತನ ಕೀರ್ತಿಯನ್ನು ಒಂದು ಪದ್ಯದ ಒಂದು ಪದವು ಹೀಗೆ ಬೇರೆ ದಾರಿಗೆ ತಿರುಗಿಸಿದುದು ಸಾಹಿತ್ಯದ ಶಕ್ತಿಗೂ ಸಾಕ್ಷಿ, ಅದರ ಅನಿರೀಕ್ಷಿತತೆಗೂ ಸಾಕ್ಷಿ. ೧೮೯೦ರಲ್ಲಿ ಫ್ರಾನ್ಸಿನ ತೂಲೋನ್ ಪಟ್ಟಣದಲ್ಲಿ ಅಂಗಡಿಯಿಟ್ಟಿದ್ದ ಹೆಂಗಸೊಬ್ಬಳು, ಬಾಗಿಲಿನ ಬೀಗವು ತೆರೆಯದೆಹೋದಾಗ, ಒಡೆಯದೆ ತೆರೆದರೆ ಬಡವರಿಗೆ ರೊಟ್ಟಿ ಕೊಡುವೆನೆಂದು ಅಂತೋಣಿಗೆ ಮಾತುಕೊಟ್ಟಳು. ಬೀಗ ತೆರೆಯಿತು. 'ಸಂತ ಅಂತೋಣಿಯ ರೊಟ್ಟಿ' ಎಂಬ ಹೆಸರಿನ ದಾನಪದ್ಧತಿಯು ಅಲ್ಲಿಂದ ಅನೇಕ ದೇಶಗಳಿಗೆ ಹರಡಿತು. ಕಾರಣವು ತುಕ್ಕುಹಿಡಿದ ಬೀಗ. ಫಲವು ಹಸಿದವರ ಅನ್ನ. ಬೇಡಿಕೆಯ ಗಾತ್ರವನ್ನು ನೋಡಿ ಆಚರಣೆಯ ಬೆಲೆಕಟ್ಟುವವರು ಈ ಸಂಗತಿಯನ್ನು ಎಲ್ಲಿ ಇಡುವರೋ ತಿಳಿಯದು.

ಆಕ್ಷೇಪಣೆಯು ನಿಜವಾಗಿ ತಾಕುವುದು ಬೇಡಿಕೆಯ ಕಿರಿತನಕ್ಕಲ್ಲ, ಅದರಲ್ಲಿ ನುಸುಳುವ ಚೌಕಾಸಿಗೆ. ಎರಾಸ್ಮಸನು ೧೫೨೩ರಲ್ಲಿ ಪ್ರಕಟಿಸಿದ ಹಡಗೊಡೆತದ ಸಂವಾದವು ಇದನ್ನು ಮರೆಯಲಾಗದಂತೆ ಚಿತ್ರಿಸುತ್ತದೆ. ಮುಳುಗುತ್ತಿರುವ ಹಡಗಿನಲ್ಲಿ ಒಬ್ಬನು, ಪ್ಯಾರಿಸಿನ ದೇವಾಲಯದಲ್ಲಿರುವ ಬೆಟ್ಟದಂಥ ಕ್ರಿಸ್ಟೋಫರನ ವಿಗ್ರಹಕ್ಕೆ ಅದರಷ್ಟೇ ಎತ್ತರದ ಮೇಣದ ಬತ್ತಿಯನ್ನು ಹರಕೆಹೊತ್ತು ಕೂಗುತ್ತಾನೆ. ಆಸ್ತಿಯನ್ನೆಲ್ಲ ಮಾರಿದರೂ ಅದು ಸಾಧ್ಯವಿಲ್ಲವೆಂದು ಪಕ್ಕದವನು ಎಚ್ಚರಿಸಿದಾಗ, ಸಂತನಿಗೆ ಕೇಳಿಸೀತೆಂದು ದನಿ ತಗ್ಗಿಸಿ, ದಡ ಮುಟ್ಟಿದ ಮೇಲೆ ಕೊಬ್ಬಿನ ಬತ್ತಿಯನ್ನೂ ಕೊಡುವವನಲ್ಲ ತಾನೆಂದು ಪಿಸುಗುಟ್ಟುತ್ತಾನೆ. ಎರಾಸ್ಮಸನು ಕಥೋಲಿಕನಾಗಿಯೇ ಸತ್ತನು. ಅವನ ನಗೆ ಒಳಗಿನವನ ನಗೆ. ಲೂಥರನ ವಿಚಾರವು ಬೇರೆ. ಅದರ ಮೊದಲನ್ನು ನೋಡಿದರೆ ವಿಸ್ಮಯವಾಗುತ್ತದೆ. ೧೫೦೫ರ ಜುಲೈ ೨ರಂದು ಸ್ಟೊಟರ್ನ್‌ಹೈಮ್ ಗ್ರಾಮದ ಬಳಿ ಸಿಡಿಲು ಹತ್ತಿರದಲ್ಲಿಯೇ ಎರಗಿದಾಗ, ಗಣಿಯ ವ್ಯವಹಾರದವನ ಮಗನಾದ ಆ ತರುಣನು ಕೂಗಿ ಕರೆದುದು ಗಣಿಗಾರರ ಪಾಲಕಿಯಾದ ಸಂತ ಅನ್ನಳನ್ನು. ಉಳಿದರೆ ಸಂನ್ಯಾಸಿಯಾಗುವೆನೆಂದು ಅವಳಿಗೆ ಹರಕೆಹೊತ್ತು, ಎರಡು ವಾರಗಳಲ್ಲಿ ಎರ್ಫುರ್ಟಿನ ಮಠವನ್ನು ಸೇರಿದನು. ಪಾಲಕಸಂತರ ಮೊರೆಯನ್ನು ಮುಂದೆ ನಿರಾಕರಿಸಿದವನನ್ನು ಮಠದ ಬಾಗಿಲಿಗೆ ತಂದುದು ಪಾಲಕಸಂತಳೊಬ್ಬಳ ಮೊರೆಯೇ. ಕ್ರಿಸ್ತನೊಬ್ಬನೇ ಮಧ್ಯಸ್ಥನಾಗಿರುವಾಗ ಬೇರೆ ಮಧ್ಯಸ್ಥರೇಕೆಂಬ ಅವನ ಪಕ್ಷದ ಪ್ರಶ್ನೆಗೆ, ಟ್ರೆಂಟಿನ ಮಹಾಸಭೆಯು ೧೫೬೩ರ ಡಿಸೆಂಬರಿನಲ್ಲಿ ನಡೆದ ತನ್ನ ಕೊನೆಯ ಅಧಿವೇಶನದಲ್ಲಿ ಉತ್ತರಕೊಟ್ಟಿತು. ಸಂತರನ್ನು ಕರೆಯುವುದು ಒಳ್ಳೆಯದು, ಉಪಯುಕ್ತವಾದುದು. ಆದರೆ ದೊರೆಯುವುದೆಲ್ಲ ಕ್ರಿಸ್ತನ ಮೂಲಕವೇ. ಮೂಢಾಚಾರವೂ ಹಣದಾಸೆಯೂ ತೊಲಗಬೇಕು. ಕರೆಯಲೇಬೇಕೆಂದು ಸಭೆಯು ವಿಧಿಸಲಿಲ್ಲವೆಂಬುದನ್ನು ಎರಡು ಪಕ್ಷದವರೂ ಮರೆಯುವುದುಂಟು.

ವ್ಯಾಕರಣವು ಎಷ್ಟೇ ಬಿಗಿಯಾಗಿದ್ದರೂ ವಾಡಿಕೆಯು ಅದನ್ನು ಮೀರುತ್ತಲೇ ಬಂದಿದೆ. ಪಾಲಕನು ಆಶ್ರಿತರ ಕೈಬಿಟ್ಟನೆಂದು ತೋರಿದಾಗ ಅವನನ್ನು ದಂಡಿಸುವುದೂ ಉಂಟು. ಮಧ್ಯಯುಗದ ಮಠಗಳಲ್ಲಿ ಶತ್ರುಗಳಿಂದ ತೊಂದರೆಯಾದರೆ ಸಂತರ ಅಸ್ಥಿಗಳನ್ನೂ ವಿಗ್ರಹಗಳನ್ನೂ ನೆಲಕ್ಕಿಳಿಸಿ ಮುಳ್ಳುಗಳ ನಡುವೆ ಇಡುತ್ತಿದ್ದರು. ೧೨೭೪ರಲ್ಲಿ ಲಿಯೋನಿನ ಮಹಾಸಭೆಯು ಇದನ್ನು ನಿಷೇಧಿಸಿತು. ನೇಪಲ್ಸ್ ನಗರದಲ್ಲಿ ೧೭೯೯ರಲ್ಲಿ, ಊರನ್ನು ಹಿಡಿದಿದ್ದ ಫ್ರೆಂಚ್ ಸೇನೆಯವರ ಎದುರಿಗೆ ಸಂತ ಜೆನ್ನಾರೊವಿನ ಹೆಪ್ಪುಗಟ್ಟಿದ ರಕ್ತವು ಎಂದಿನಂತೆ ಕರಗಿದುದರಿಂದ, ಸಂತನು ಶತ್ರುಪಕ್ಷ ಸೇರಿದನೆಂದು ರಾಜಭಕ್ತರು ಸಿಟ್ಟಾ​ದರು. ಅವನನ್ನು ಪಾಲಕಪದವಿಯಿಂದ ಇಳಿಸಿ, ಯಾರ ಹಬ್ಬದ ದಿನ ಫ್ರೆಂಚರ ಪಕ್ಷವು ಸೋತಿತೋ ಆ ಅಂತೋಣಿಯನ್ನು ಕೂರಿಸಿದರು. ಜೆನ್ನಾರೊ ತನ್ನ ಸ್ಥಾನವನ್ನು ಮರಳಿ ಪಡೆದುದು ಅನೇಕ ವರ್ಷಗಳ ಮೇಲೆ. ಪೋರ್ಚುಗಲಿನಲ್ಲಿ ಅಂತೋಣಿಯನ್ನು ೧೬೬೮ರಲ್ಲಿ ಲಾಗೋಸಿನ ಕಾಲಾಳು ದಳಕ್ಕೆ ಸಿಪಾಯಿಯಾಗಿ ಸೇರಿಸಿಕೊಂಡು ಮುಂದೆ ಕ್ಯಾಪ್ಟನ್ ಪದವಿಗೆ ಏರಿಸಿದರು. ಅದೇ ದೇಶದಲ್ಲಿಯೂ ಬ್ರೆಜಿಲಿನಲ್ಲಿಯೂ ವರನು ದೊರೆಯದ ಕನ್ಯೆಯರು ಅವನ ಸಣ್ಣ ವಿಗ್ರಹವನ್ನು ತಲೆಕೆಳಗಾಗಿ ನಿಲ್ಲಿಸಿ, ಕೆಲಸವಾಗುವವರೆಗೆ ಹಾಗೆಯೇ ಬಿಡುವ ಪದ್ಧತಿಯುಂಟು. ಇವುಗಳನ್ನು ಧರ್ಮಗುರುಗಳು ಒಪ್ಪುವುದಿಲ್ಲ. ಆದರೂ ಇಲ್ಲಿ ಒಂದು ಅಂಶವು ಸ್ಪಷ್ಟವಾಗಿದೆ: ಸಂತನನ್ನು ಗದರಿಸುವವರು ಅವನನ್ನು ದೇವರೆಂದು ತಿಳಿದವರಲ್ಲ. ಮಾತು ತಪ್ಪಿದ ನೆಂಟನನ್ನು ಗದರಿಸುವಂತೆ ಗದರಿಸುತ್ತಾರೆ.

ಬೇಡಿಕೆಯು ಈಡೇರಿದ ಮೇಲೆ ಋಣ ತೀರಿಸುವ ಕ್ರಮವೂ ಉಂಟು. ಇಟಲಿಯ ದೇವಾಲಯಗಳ ಗೋಡೆಗಳ ಮೇಲೆ ಸಾವಿರಾರು ಚಿಕ್ಕ ಹಲಗೆಗಳು ತೂಗುತ್ತಿರುತ್ತವೆ. ಏಣಿಯಿಂದ ಬೀಳುತ್ತಿರುವ ಗಾರೆಯವನು, ಮಗುಚಿದ ಗಾಡಿ, ಹಾಸಿಗೆ ಹಿಡಿದ ತಾಯಿ, ಮೂಲೆಯಲ್ಲಿ ಮೋಡದ ಮೇಲೆ ಸಂತ, ಅಡಿಯಲ್ಲಿ 'ಅನುಗ್ರಹ ದೊರೆತುದಕ್ಕಾಗಿ' ಎಂಬ ಅರ್ಥದ ಮೂರು ಅಕ್ಷರಗಳು. ಹೆಸರಿಲ್ಲದ ಚಿತ್ರಕಾರರು ಬರೆದ ಇವು ಸಾಮಾನ್ಯ ಜನರ ಆತ್ಮಚರಿತ್ರೆಗಳೆಂದರೂ ಸಲ್ಲುವುದು. ಲ್ಯಾಟಿನಿನಲ್ಲಿ ಇವಕ್ಕೆ ಮೂಲವಾದ 'ವೋತುಮ್' ಎಂಬ ಪದಕ್ಕೆ ಪ್ರತಿಜ್ಞೆ, ಹಾರೈಕೆ ಎಂಬ ಎರಡು ಅರ್ಥಗಳು. ಕನ್ನಡದ 'ಹರಕೆ'ಯೂ ಹಾಗೆಯೇ. ಹಳಗನ್ನಡದ 'ಪರಕೆ'ಯಿಂದ ಬಂದ ಈ ಪದವು ಹಿರಿಯರು ಮಾಡುವ ಆಶೀರ್ವಾದಕ್ಕೂ ಸಲ್ಲುತ್ತದೆ, ಕಿರಿಯರು ಹೊರುವ ವ್ರತಕ್ಕೂ ಸಲ್ಲುತ್ತದೆ. ಮೇಲಿನಿಂದ ಇಳಿಯುವುದಕ್ಕೂ ಕೆಳಗಿನಿಂದ ಏರುವುದಕ್ಕೂ ಒಂದೇ ಮಾತು ಸಾಕಾದುದರಿಂದ, ಕನ್ನಡನಾಡಿನ ಕಥೋಲಿಕರು ಸಂತರೊಡನೆ ತಮ್ಮ ಸಂಬಂಧವನ್ನು ಹೇಳಲು ಹೊಸ ಶಬ್ದವನ್ನು ಹುಡುಕಬೇಕಾಗಲಿಲ್ಲ.

ಕಾರ್ಕಳದ ಸಮೀಪದ ಅತ್ತೂರಿನಲ್ಲಿರುವ ಸಂತ ಲಾರೆನ್ಸನ ಕ್ಷೇತ್ರವನ್ನೂ, ಮೈಸೂರು ಸೀಮೆಯ ಡೋರ್ನಹಳ್ಳಿಯಲ್ಲಿರುವ ಸಂತ ಅಂತೋಣಿಯ ಕ್ಷೇತ್ರವನ್ನೂ ಕ್ರಮವಾಗಿ ೨೦೧೬ರಲ್ಲಿಯೂ ೨೦೧೯ರಲ್ಲಿಯೂ ರೋಮು 'ಬಸಿಲಿಕ' ಪದವಿಗೆ ಏರಿಸಿತು. ಲಾರೆನ್ಸನ ಹಬ್ಬವು ಪಂಚಾಂಗದಂತೆ ಆಗಸ್ಟ್ ೧೦ರಂದು ಬರುತ್ತದೆ. ಅತ್ತೂರಿನ ಮಹೋತ್ಸವವು ಜನವರಿಯಲ್ಲಿ ನಡೆಯುತ್ತದೆ. ಜಾತ್ರೆಯ ದಿನಗಳಲ್ಲಿ ಮೇಣದ ಬತ್ತಿ ಹಿಡಿದು ಸಾಲಿನಲ್ಲಿ ನಿಲ್ಲುವವರಲ್ಲಿ ಅನ್ಯಮತದವರೂ ಬಹುಮಂದಿ. ರೋಮಿನಲ್ಲಿ ಅಡುಗೆಯವರಿಗೆ ಪಾಲಕನಾದವನು ಇಲ್ಲಿ ಎಲ್ಲ ಕಷ್ಟಗಳಿಗೂ ಒಡೆಯ. ಡೋರ್ನಹಳ್ಳಿಯ ಐತಿಹ್ಯದಲ್ಲಿ ಉಳುವವನ ನೇಗಿಲಿಗೆ ಮರದ ಗೊಂಬೆಯೊಂದು ಸಿಕ್ಕಿ, ಮಕ್ಕಳ ಆಟದ ವಸ್ತುವಾಗಿ, ಆಮೇಲೆ ಅಂತೋಣಿಯ ವಿಗ್ರಹವೆಂದು ತಿಳಿದುಬಂತು. ಕಳೆದುದನ್ನು ಹುಡುಕಿಕೊಡುವವನು ತಾನೇ ಕಳೆದುಹೋಗಿ ಹೊಲದಲ್ಲಿ ಸಿಕ್ಕಿದನೆಂಬ ಈ ಕಥೆಯು ಯಾವ ಸ್ತೋತ್ರಕಾರನ ಕಲ್ಪನೆಗೂ ಕಡಿಮೆಯಾದುದಲ್ಲ.

೧೯೬೯ರಲ್ಲಿ ಆರನೆಯ ಪಾಲ್ ಪೋಪರು ಧರ್ಮಸಭೆಯ ಸಾಮಾನ್ಯ ಪಂಚಾಂಗವನ್ನು ಪರಿಷ್ಕರಿಸಿದಾಗ, ಐತಿಹಾಸಿಕ ಆಧಾರ ದುರ್ಬಲವಾದ ಅನೇಕ ಸಂತರ ದಿನಗಳು ಅದರಿಂದ ಬಿಟ್ಟುಹೋದುವು. ಬಾರ್ಬರಳೂ ಎರಾಸ್ಮಸನ ಕ್ರಿಸ್ಟೋಫರನೂ ಅವರಲ್ಲಿದ್ದರು. ಅವರನ್ನು ಸಂತಪದವಿಯಿಂದಲೇ ತೆಗೆದುಹಾಕಿದರೆಂದು ಪತ್ರಿಕೆಗಳಲ್ಲಿ ಹಬ್ಬಿದ ಸುದ್ದಿ ತಪ್ಪು. ಇಬ್ಬರ ಹೆಸರೂ ರೋಮಿನ ಹುತಾತ್ಮಾವಳಿಯಲ್ಲಿ ಉಳಿದಿದೆ, ಪ್ರಾಂತಗಳ ಹಬ್ಬಗಳಿಗೆ ಅಡ್ಡಿಯಿಲ್ಲ. ಮಗುವಿನ ರೂಪದ ಕ್ರಿಸ್ತನನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದ ಆ ದೈತ್ಯನ ಪದಕವನ್ನು ಮೋಟಾರು ಓಡಿಸುವವರು ಈಗಲೂ ಚಕ್ರದ ಮುಂದೆ ಅಂಟಿಸಿಕೊಂಡಿರುತ್ತಾರೆ. ಡೋರ್ನಹಳ್ಳಿಯಲ್ಲಿ, ಅಂತೋಣಿಯನ್ನು ಹೂಳಿದ ವಾರವಾದ ಮಂಗಳವಾರದಂದು, ಗುರುಗಳು ಮನವಿಮಾಲೆಯನ್ನು ಓದುವಾಗ ಸಭೆಯು ತಪ್ಪದೆ 'ನಮಗಾಗಿ' ಎಂದೇ ಹೇಳುತ್ತದೆ. ಅದು ಮುಗಿದು, ಒಬ್ಬೊಬ್ಬರಾಗಿ ವಿಗ್ರಹದ ಬಳಿಗೆ ಬಂದು ಬತ್ತಿ ಹಚ್ಚುವಾಗ, ಮೆಲುದನಿಯಲ್ಲಿ 'ಕೊಡು' ಎನ್ನುವವರೆಷ್ಟೋ, 'ಕೊಡಿಸು' ಎನ್ನುವವರೆಷ್ಟೋ.